ಬಾಳೆನಾರಿನ ಮುಂದೆ ಕಣ್ಣು ಮುಚ್ಚಿ ನಿಂತವರು

ನಿವೃತ್ತರಾದವರು ಅಂದರೆ ನಿಮಗೆ ನರೆತ ಮೀಸೆ, ಹೆಗಲ ಮೇಲೊಂದು ಶಾಲು, ಕೈಯಲ್ಲೊಂದು ಹಣ್ಣಿನ ಬುಟ್ಟಿ ನೆನಪಾಗಬಹುದು. ನನಗೆ ನಿವೃತ್ತಿಯಾದಾಗ ಮದುವೆಯಲ್ಲಿ ಮಾವ ಕೊಟ್ಟ ಶಾಲಿನ ಮಡಿಕೆಯೇ ಇನ್ನೂ ಬಿಚ್ಚಿರಲಿಲ್ಲ. ಹೊಸಪೇಟೆಯ ಎದೆರೋಗದ ಡಾಕ್ಟರರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಪ್ಲಾಸ್ಟಿಕ್ಕಿಗೆ ಬಾಳೆನಾರು ಕಲಸಿ ಗಟ್ಟಿ ಮಾಡ್ತೀನ್ರಿ."

"ಪ್ಲಾಸ್ಟಿಕ್ಕಿಗೆ ಅಷ್ಟ ಕಲಸ್ರಿ. ಎದಿಗೆ ಯಾಕ ಕಲಸ್ಕೊಂಡ್ರಿ?"

ಹೀಗೆ ನನ್ನ ವೃತ್ತಿಜೀವನ ಮುಗಿಯಿತು. ಈಗ ಮದುವೆ ಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ನಡುವೆ ಕೆಮ್ಮು ಬಂದರೆ ಜನ ಅದನ್ನೂ ಮಿಮಿಕ್ರಿ ಅಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಕಲಾವಿದನಿಗೆ ಇದಕ್ಕಿಂತ ಇನ್ನೇನು ಬೇಕು?

ಡಿಪ್ಲೊಮಾ ಮುಗಿಸಿ ಇಂಥ ಕಾರ್ಖಾನೆಗಳಿಗೆ ಸೇರುತ್ತಿರುವ ತಮ್ಮಂದಿರೇ, ತಂಗಿಯರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಮೊದಲ ಮಾತು ಮಾಸ್ಕಿನದು. ಒಣಗಿದ ನಾರನ್ನು ಕತ್ತರಿಸುವಾಗ ಏಳುವ ಧೂಳು ಕಣ್ಣಿಗೆ ಕಾಣುವುದಿಲ್ಲ, ಎದೆಗೆ ಕಾಣುತ್ತದೆ. ನಾವು ಮೂಗಿಗೆ ಕಟ್ಟಬೇಕಾದ ಬಟ್ಟೆಯನ್ನು ಗದ್ದಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದೆವು. ನನ್ನ ಗದ್ದ ಇವತ್ತಿಗೂ ಬಹಳ ಆರೋಗ್ಯವಾಗಿದೆ.

ನಮ್ಮ ಕೆಲಸವನ್ನು ನಿಮ್ಮ ಕಾಲೇಜಿನಲ್ಲಿ ದೊಡ್ಡ ದೊಡ್ಡ ಪದಗಳಲ್ಲಿ ಹೇಳಿರುತ್ತಾರೆ. ಅಷ್ಟೆಲ್ಲ ಬೇಡ. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಒಂದು ಜಾತಿಯ ಪ್ಲಾಸ್ಟಿಕ್ ಇದೆ. ಮಣ್ಣಿಗೆ ಸೇರಿದರೆ ಕರಗುತ್ತದೆ ಅಂತ ಅದಕ್ಕೆ ಬಹಳ ಮರ್ಯಾದೆ. ಆದರೆ ಸ್ವಭಾವದಲ್ಲಿ ಅದು ಹೊಸ ಅಳಿಯನ ಹಾಗೆ, ಸ್ವಲ್ಪ ತಾಗಿದರೂ ಮುರಿದುಕೊಳ್ಳುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದರಲ್ಲ, ಹಾಗೆ ಅದಕ್ಕೆ ನಾರು ಕಲಸಿದರೆ ತಾಳಿಕೆ ಬರುತ್ತದೆ. ಕಂಪ್ಲಿ, ಮೆಟ್ರಿಯ ಕಡೆ ಗೊನೆ ಕಡಿದ ಮೇಲೆ ಬಾಳೆಯ ಕಾಂಡವನ್ನು ಕಾಲುವೆ ಏರಿಯ ಮೇಲೆ ಎಸೆದುಬಿಡುತ್ತಾರೆ. ಆ ಕಾಂಡದ ಪದರಗಳನ್ನು ಮಷೀನಿಗೆ ಕೊಟ್ಟು ನಾರು ತೆಗೆದು, ಕಾಸ್ಟಿಕ್ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ಸಣ್ಣಗೆ ಕತ್ತರಿಸಿ, ಕಾದ ಪ್ಲಾಸ್ಟಿಕ್ಕಿನೊಳಗೆ ಬೆರೆಸಬೇಕು. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ನಾವು ಯಾರ ಯಾರ ಕೈಲಿ ಏನೇನು ಅನ್ನಿಸಿಕೊಂಡೆವು ಅನ್ನುವುದೇ ಉಳಿದ ಕಥೆ.

ನಮ್ಮ ಶೆಡ್ಡು ಹೊಸಪೇಟೆಯ ಹೊರಗೆ, ಕಬ್ಬಿಣದ ತಗಡು ಕತ್ತರಿಸುವವರಿಗೂ ಲಾರಿ ಬಾಡಿ ಕಟ್ಟುವವರಿಗೂ ನಡುವೆ ಇತ್ತು. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ ಪರಿಸರ ಉಳಿಸಿ ಎಂದು ಬರೆಸಿದ್ದರು. ಅದರ ಮೇಲೆ ದಿನವೂ ಅದಿರಿನ ಕೆಂಪು ಧೂಳು ಕೂರುತ್ತಿತ್ತು. ಒರೆಸುವುದು ನನ್ನ ಪಾಲಿನ ಪರಿಸರ ಸೇವೆ.

ಮಾಲೀಕರು ಪಂಪಾಪತಿ ಸಾಹುಕಾರರು. ಅಜ್ಜನ ಕಾಲದಿಂದ ಅವರದು ವೀಳ್ಯದೆಲೆ ಮಂಡಿ. ಯಾವುದೋ ಸಭೆಯಲ್ಲಿ ಯಾರೋ ಭಾಷಣ ಮಾಡುತ್ತಾ ಕಸವೇ ಬಂಗಾರ ಎಂದರಂತೆ. ಸಭೆಯಲ್ಲಿದ್ದ ಉಳಿದವರು ಊಟಕ್ಕೆ ಎದ್ದರು, ಸಾಹುಕಾರರು ಒಬ್ಬರೇ ನಂಬಿದರು. ಮೇಲ್ವಿಚಾರಕರು ತಿಪ್ಪೇಸ್ವಾಮಿ ಸರ್. ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಆಯುಷ್ಯ ಕಳೆದು, ಅಲ್ಲಿಂದ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಕುಲುಮೆಯ ಸದ್ದಿನಲ್ಲಿ ಬೆಳೆದ ಗಂಟಲು. ಅವರು ಕಿವಿಯಲ್ಲಿ ಗುಟ್ಟು ಹೇಳಿದರೆ ಲಾರಿ ಬಾಡಿಯವರು ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ನಾರು ತರುವವಳು ಮೆಟ್ರಿಯ ಹುಲಿಗೆವ್ವ. ಅವಳೂ ಅವಳ ಜೊತೆಯ ಹೆಂಗಸರೂ ಊರಿನಲ್ಲಿ ಮಷೀನು ಇಟ್ಟುಕೊಂಡು ನಾರು ತೆಗೆಯುತ್ತಿದ್ದರು. ಇನ್ನು ನಾನು, ಎರ್ರಿಸ್ವಾಮಿ. ಸಂಬಳ ಮಷೀನು ನಡೆಸುವುದಕ್ಕೆ, ಮಿಮಿಕ್ರಿ ಪುಕ್ಕಟೆ. ಸಾಹುಕಾರರನ್ನೂ ಮಾಡುತ್ತಿದ್ದೆ, ಸರ್ ಅವರನ್ನೂ ಮಾಡುತ್ತಿದ್ದೆ, ರಜೆ ಕೇಳಲು ಹೋದಾಗ ನನ್ನ ಬೆನ್ನು ಹೇಗೆ ಬಾಗುತ್ತದೆ ಅನ್ನುವುದನ್ನೂ ಮಾಡುತ್ತಿದ್ದೆ. ಮೂರನೆಯದಕ್ಕೇ ಹೆಚ್ಚು ನಗು ಬೀಳುತ್ತಿತ್ತು.

ಮೊದಲ ಎಡವಟ್ಟು ಬಿಸಿಯದು. ನಾರು ಕಲಸುವಾಗ ಮಷೀನಿನ ಕಾವು ಹದವಾಗಿರಬೇಕು, ಮಿತಿ ಮೀರಿದರೆ ನಾರು ಸೀಯುತ್ತದೆ. ತಿಪ್ಪೇಸ್ವಾಮಿ ಸರ್ ಮೀಟರು ನೋಡಿ ನಕ್ಕರು. "ಇದಕ್ಕ ಬಿಸಿ ಅಂತಾರೇನಲೇ? ನಮ್ಮ ಪ್ಲಾಂಟಿನ್ಯಾಗ ಇಷ್ಟು ಬಿಸಿ ನೀರಾಗ ಜಳಕ ಮಾಡ್ತಿದ್ವಿ" ಎಂದು ಗುಂಡಿ ತಿರುವಿದರು. ಸ್ವಲ್ಪ ಹೊತ್ತಿಗೆ ಬೆಲ್ಲ ಸೀದ ವಾಸನೆ ಶೆಡ್ಡು ತುಂಬಿತು. ಹೊರಬಂದ ಮಾಲು ಕಾಡಿಗೆಯ ಬಣ್ಣ. ಬೆಂಕಿ ಬಿದ್ದಿದೆ ಎಂದು ಪಕ್ಕದ ತಗಡಿನವರು ಬಕೆಟ್ ಹಿಡಿದು ಓಡಿಬಂದರು. ಸಾಹುಕಾರರು ಆ ಕರಿ ಉಂಡೆಯನ್ನು ಕೈಯಲ್ಲಿ ತೂಗಿ, "ತಿಪ್ಪೇಸ್ವಾಮಿ, ನಾ ಬಾಳಿನಾರು ಕೊಟ್ಟಿದ್ದೆ, ನೀವು ಅದಿರು ಕೊಟ್ರಲ್ಲ" ಎಂದರು. ಆಮೇಲೆ ಗುಂಡಿಯ ಸುತ್ತ ತಂತಿ ಸುತ್ತಿದೆವು. ಸರ್ ಮಾತ್ರ ಕೊನೆಯವರೆಗೂ ಆ ಮಷೀನನ್ನು ಸ್ಟೋವ್ ಎಂದೇ ಕರೆದರು.

ಎರಡನೆಯದು ಚಮಚದ ಮಾನ ಹೋದದ್ದು. ಹಂಪಿಗೆ ಅಷ್ಟು ಜನ ಬರುತ್ತಾರೆ, ಎಲ್ಲರೂ ಚಹಾ ಕುಡಿಯುತ್ತಾರೆ, ಅವರ ಕೈಗೆಲ್ಲ ನಮ್ಮ ಚಮಚ ಎಂದು ಸಾಹುಕಾರರು ಲೆಕ್ಕ ಹಾಕಿದರು. ನಾರು ಹಾಕಿದ ಚಮಚ ಚೆನ್ನಾಗಿಯೇ ಬಂತು. ಬಗ್ಗಿಸಿದರೆ ಮುರಿಯುತ್ತಿರಲಿಲ್ಲ. ಹಂಪಿಯ ಒಬ್ಬ ಚಹಾದವನ ಮುಂದೆ ಸಾಹುಕಾರರು ತಾವೇ ಕೈಯಾರೆ ಒಂದನ್ನು ಲೋಟಕ್ಕಿಟ್ಟರು. ಚಮಚ ಒಂದು ಕ್ಷಣ ನೆಟ್ಟಗೆ ನಿಂತು, ಆಮೇಲೆ ನಿಧಾನಕ್ಕೆ ಸೊಂಟ ಬಗ್ಗಿಸಿತು.

ಚಹಾದವನು ಕೈಮುಗಿದ. "ಸಾವ್ಕಾರ್ರ, ನಿಮ್ಮ ಚಮಚಕ್ಕ ಭಾಳ ಭಕ್ತಿ ಐತ್ರಿ. ಚಾ ಕಂಡ ಕೂಡ್ಲೇ ಅಡ್ಡ ಬೀಳ್ತತಿ."

ನಾರು ಬಲ ಕೊಡುತ್ತದೆ, ಆದರೆ ಬಿಸಿಗೆ ಮೆತ್ತಗಾಗುವ ಆ ಪ್ಲಾಸ್ಟಿಕ್ಕಿನ ಬುದ್ಧಿಯನ್ನು ಅಷ್ಟು ಸುಲಭಕ್ಕೆ ಬಿಡಿಸುವುದಿಲ್ಲ. ಇದನ್ನು ನೀವು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿರುತ್ತೀರಿ. ನಾವು ಹಂಪಿಗೆ ಹೋಗಿ, ಫೋಟೊ ತೆಗೆಯುವ ಪ್ರವಾಸಿಗರ ನಡುವೆ ನಿಂತು ಕಲಿತೆವು. ಬಹಳ ದಿನ ನಾನು ಶೆಡ್ಡಿನಲ್ಲಿ ಆ ಚಮಚವನ್ನು ಅಭಿನಯಿಸುತ್ತಿದ್ದೆ. ಸೊಂಟ ಹಿಡಿದ ಮೇಲೆ ಬಿಟ್ಟೆ.

ಅಂತೂ ಬಿಸಿಯ ಸಹವಾಸ ಸಾಕು, ತಣ್ಣಗಿರುವ ವಸ್ತು ಮಾಡೋಣ ಎಂದಾಯಿತು. ಆಗ ಬಂದದ್ದೇ ಸಂಡೂರಿನ ಮಾತು. ಅಲ್ಲಿನ ಒಂದು ಗಣಿಯವರು ಅಗೆದು ಸುರಿದ ಮಣ್ಣಿನ ಗುಡ್ಡೆಗಳ ಮೇಲೆ ಸಸಿ ನೆಡಿಸುತ್ತಿದ್ದರು. ಕರಿ ಪಾಲಿಥೀನ್ ಚೀಲ ಮಣ್ಣಲ್ಲಿ ಉಳಿದುಬಿಡುತ್ತದೆ, ಸಸಿಯ ಜೊತೆಗೇ ಹೂಳಬಹುದಾದ ಕುಂಡ ಬೇಕು ಎಂದರು. ಇದು ಒಪ್ಪಿಗೆಯಾದರೆ ಶೆಡ್ಡಿಗೆ ವರ್ಷಗಟ್ಟಲೆ ಕೆಲಸ, ಮೆಟ್ರಿಯ ಮಷೀನಿಗೂ ಕೆಲಸ. ಆಗದಿದ್ದರೆ ನಾವೆಲ್ಲ ಚಮಚದ ಹಾಗೆ.

ಆ ಗಣಿಯ ತೋಟದ ಸಾಹೇಬರ ಪರೀಕ್ಷೆ ಸರಳವಾಗಿತ್ತು. ಕುಂಡವನ್ನು ಅಂಗೈಯಲ್ಲಿಟ್ಟು ಗಟ್ಟಿಯಾಗಿ ಅದುಮುವುದು. ಸಸಿಗಳು ಟ್ರ್ಯಾಕ್ಟರಿನಲ್ಲಿ ಕಲ್ಲುದಾರಿಯ ಮೇಲೆ ಕುಣಿಯುತ್ತಾ ಗುಡ್ಡ ಏರಬೇಕಲ್ಲ, ಕೈಯಲ್ಲೇ ಒಡೆಯುವುದು ಅಲ್ಲಿ ಉಳಿದೀತೇ? ಮೊದಲ ಮಾದರಿ ಮಾಡುವ ದಿನ ಸಾಹುಕಾರರು ಬೆಳಿಗ್ಗೆಯೇ ಬಂದು, ಮಷೀನಿಗೆ ದಾಸವಾಳದ ಹಾರ ಹಾಕಿ, ಭರ್ಜರಿ ಪೂಜೆ ಮಾಡಿದರು. ಮಧ್ಯಾಹ್ನ ಕುಂಡಗಳು ಸಂಡೂರಿಗೆ ಹೋದವು. ಸಾಹೇಬರು ಅದುಮಿದರು. ಚಟ್ ಎಂದಿತು. ಇನ್ನೊಂದು. ಚಟ್.

"ಹಪ್ಪಳ ಚಂದ ಅದಾವು" ಎಂದರು ಸಾಹೇಬರು. "ಕುಂಡ ಯಾವಾಗ ತರ್ತೀರಿ?"

ಮರುದಿನ ಸಾಹುಕಾರರು ಎಲೆ ಮಂಡಿಯಲ್ಲಿ ಉಳಿದರು. ತಿಪ್ಪೇಸ್ವಾಮಿ ಸರ್ ಹಟಕ್ಕೆ ಬಿದ್ದು ಅದೇ ಮಿಶ್ರಣ, ಅದೇ ಕಾವು ಇಟ್ಟು ಮತ್ತೆ ಮಾಡಿಸಿದರು. ಕುಂಡ ಎಷ್ಟು ಗಟ್ಟಿ ಬಂತೆಂದರೆ ಸರ್ ಅದನ್ನು ಬೋರಲು ಹಾಕಿ ಮೇಲೆ ಹತ್ತಿ ನಿಂತರು. ಸರ್ ಸಣ್ಣವರಲ್ಲ. ಅವರು ನಿಂತರೆ ನೆಲವೇ ಒಮ್ಮೆ ಯೋಚಿಸುತ್ತದೆ. ಕುಂಡ ತಡೆಯಿತು. ಈ ಖುಷಿಯಲ್ಲಿ ಸಾಹುಕಾರರು ಎರಡನೇ ಮಾದರಿಗೆ ಮತ್ತೆ ಬಂದು ಇನ್ನೂ ದೊಡ್ಡ ಪೂಜೆ ಮಾಡಿದರು. ಸಂಡೂರಿನಲ್ಲಿ ಮತ್ತೆ ಚಟ್.

ಆಮೇಲೆ ಇದೇ ಚಾಳಿಯಾಯಿತು. ಯಾರಿಗೂ ಬೇಡವಾದ ದಿನ ಕಲ್ಲಿನಂಥ ಕುಂಡ, ಬೇಕಾದ ದಿನ ಹಪ್ಪಳ. ಕೆಡುವ ದಿನ ಮಷೀನಿನ ಬಾಯಿಂದ ಮಾಲು ಗಟ್ಟಿಯಾಗಿ ಬರದೆ ಅಂಬಲಿಯ ಹಾಗೆ ಸೋರುತ್ತಿತ್ತು, ಗುಳ್ಳೆ ಏಳುತ್ತಿತ್ತು. ನಾರಿನಲ್ಲಿ ಪಸೆ ಉಳಿದರೆ ಹಾಗಾಗುತ್ತದೆ, ಕಾವಿನಲ್ಲಿ ನೀರು ಸೇರಿದರೆ ಆ ಪ್ಲಾಸ್ಟಿಕ್ಕು ಒಳಗೊಳಗೇ ತುಂಡಾಗುತ್ತದೆ. ಅದು ಸರ್‌ಗೆ ಗೊತ್ತಿತ್ತು. ಆದರೆ ನಾರು ಓವನ್ನಿನಿಂದ ಹೊರಬಂದಾಗ ಪಸೆ ಅಳೆಯುವ ಮೀಟರು ಹಿಡಿದು ನೋಡಿದರೆ ಗರಿಗರಿ. ಹಾಗಾದರೆ ನೀರು ಎಲ್ಲಿಂದ? ಸರ್ ತಗಡು ಸೋರುತ್ತದೆಯೇ ಎಂದು ನೋಡಲು ಬಿಸಿಲಿನಲ್ಲಿ ಏಣಿ ಹತ್ತಿದರು. "ನನ್ನ ಬೆವರೇ ಬೀಳ್ತತೇನು ನೋಡ್ರಲೇ" ಎಂದು ಹಣೆಗೆ ಟವೆಲ್ ಬಿಗಿದುಕೊಂಡರು. ನಮಗೆ ನಾರಿನ ಹತ್ತಿರ ಮಾತಾಡುವುದನ್ನು ನಿಷೇಧಿಸಿದರು, ಎಂಜಲು ಹಾರುತ್ತದಂತೆ. ನಿಷೇಧವನ್ನು ಕೂಗಿ ಹೇಳಿದ್ದು ನಾರಿನ ತಟ್ಟೆಯ ಪಕ್ಕದಲ್ಲೇ ನಿಂತು.

ಸುದ್ದಿ ಮೆಟ್ರಿಗೆ ಮುಟ್ಟಿತು. ಹುಲಿಗೆವ್ವ ಒಂದು ಕಟ್ಟು ನಾರನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿಳಿದಳು.

"ಯಾವನಂದದ್ದು ನನ್ನ ನಾರು ಹಸಿ ಐತಿ ಅಂತ? ಮುಟ್ಟಿ ನೋಡ್ರಿ! ನಮ್ಮೂರ ಹೆಣ್ಮಕ್ಕಳು ತಲಿಕೂದಲಾನೂ ಇಷ್ಟು ಒಣಗಿಸ್ಕಳಂಗಿಲ್ಲ, ಹಂಗ ಒಣಗಿಸೀವಿ."

ನಾನು ಅವಳ ಪಕ್ಕದಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಅದನ್ನೇ ಅವಳ ದನಿಯಲ್ಲಿ ಹೇಳಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ಲೇ ಎರ್ರಿಸ್ವಾಮಿ, ನನ್ನಂಗ ಮಾತಾಡಿದ್ರ ಸಾಲಂಗಿಲ್ಲ. ಒಂದಿನ ಬಂದು ನನ್ನಂಗ ನಾರು ತೆಗಿ, ಆಮ್ಯಾಲೆ ದನಿ ಹೆಂಗ ಹೊರಡ್ತತಿ ನೋಡೋಣು."

ಸಾಹುಕಾರರು ಮಾತ್ರ ಬೇರೆಯೇ ತೀರ್ಮಾನಕ್ಕೆ ಬಂದಿದ್ದರು. ಎಲ್ಲರ ಮುಂದೆ ತಿಪ್ಪೇಸ್ವಾಮಿ ಸರ್ ಅವರನ್ನು ಕರೆದು ಕೇಳಿದರು. "ನಾ ಇಲ್ಲದಾಗ ಚಂದ ಬರ್ತತಿ. ನಾ ಬಂದು ನಿಂತ ದಿನ ಕೆಡ್ತತಿ. ನಿಮಗ ನನ್ನ ಮ್ಯಾಲೆ ಏನರ ಸಿಟ್ಟೈತೇನ್ರಿ?"

"ಸಾವ್ಕಾರ್ರ, ಹಂಗ್ಯಾಕ ಅಂತೀರಿ..."

"ಸಂಡೂರಿನ ಸಾಹೇಬ್ರು ಇನ್ನೊಂದ ಸಲ ನೋಡ್ತೀನಿ ಅಂದಾರ. ಈ ಸಲಾನೂ ಒಡೀತು ಅಂದ್ರ ನೀವು ಮನ್ಯಾಗ ಇರ್ರಿ. ಸ್ಟೋವ್ ಹಚ್ಚಾಕ ಬ್ಯಾರೆಯವರನ್ನ ನೋಡ್ತೀನಿ."

ಸರ್ ತಿರುಗಿ ಮಷೀನಿನ ಕಡೆ ನಡೆದರು. ಆಮೇಲೆ ಮಷೀನಿನ ಹಿಂದೆ ನನಗೊಬ್ಬನಿಗೇ ಎಂದುಕೊಂಡು ಹೇಳಿದ್ದನ್ನು ಇಡೀ ಶೆಡ್ಡು ಕೇಳಿತು. "ಮನ್ಯಾಗ ಏನ್ಮಾಡ್ಲಿಲೇ ನಾನು? ಅಲ್ಲಿ ನನಗ ಟೀವಿ ರಿಮೋಟೂ ಕೊಡಂಗಿಲ್ಲ. ಮೆಲ್ಲಕ ಮಾತಾಡು, ಮೆಲ್ಲಕ ಮಾತಾಡು ಅಂತಾರ." ಅವರನ್ನು ಸರ್ ಎಂದು ಕರೆಯುವ ಜಾಗ ಇದೊಂದೇ ಉಳಿದಿತ್ತು. ಅವತ್ತಿನ ಮಟ್ಟಿಗೆ ನಾನು ಅವರ ಮಿಮಿಕ್ರಿ ಮಾಡಲಿಲ್ಲ. ದಾಖಲೆಗಾಗಿ ಹೇಳುತ್ತಿದ್ದೇನೆ, ಇದು ನನ್ನ ಏಕೈಕ ತ್ಯಾಗ.

ಕೊನೆಯ ಮಾದರಿಯ ಬೆಳಿಗ್ಗೆ ಸರ್ ತಮ್ಮ ಸ್ಟೀಲಿನ ಡಬ್ಬಿ, ಒಂದು ಹೆಚ್ಚಿನ ಅಂಗಿ, ಕನ್ನಡಕದ ಪೆಟ್ಟಿಗೆ ಎಲ್ಲವನ್ನೂ ಮೊದಲೇ ಚೀಲಕ್ಕೆ ತುಂಬಿಟ್ಟಿದ್ದರು. ನಾರನ್ನು ಓವನ್ನಿನಿಂದ ತೆಗೆದು ಎಂದಿನಂತೆ ತಟ್ಟೆಗಳಲ್ಲಿ ಹರವಿ ಮಷೀನಿನ ಪಕ್ಕ, ದೇವರ ಫೋಟೊದ ಕೆಳಗೆ ಇಟ್ಟಿದ್ದೆವು. ಸಾಹುಕಾರರು ಬಂದಿರಲಿಲ್ಲ. ವಿಶೇಷ ಪೂಜೆಗೆಂದು ಹೊಳೆಯ ನೀರು ತರಲು ಹಂಪಿಗೆ ಹೋಗಿದ್ದರು. ನಾರು ತಂದಿದ್ದ ಹುಲಿಗೆವ್ವ ಸರ್ ಅವರ ಚೀಲ ನೋಡಿದಳು, ಅವರ ಮುಖ ನೋಡಿದಳು, ನನ್ನನ್ನು ಮೊಣಕೈಯಿಂದ ತಿವಿದಳು.

"ಸಾವ್ಕಾರ್ರು ಬರೋತನಕ ಒಂದ ಸಲ ಸಾವ್ಕಾರ್ರನ್ನ ಮಾಡೋ. ಆ ಮನಿಷ್ಯಾ ಸ್ವಲ್ಪ ನಗ್ಲಿ."

ಕೇಳಿದರೆ ಸಾಕು. ಚೊಂಬಿಗೆ ನಲ್ಲಿಯ ನೀರು ತುಂಬಿಕೊಂಡು ಬಾಗಿಲಿಂದ ಒಳಬಂದೆ. ಚಪ್ಪಲಿಗಳನ್ನು ಅಳತೆ ಹಿಡಿದಂತೆ ಜೋಡಿಸಿ ಬಿಟ್ಟೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದೆ. "ಹ್ಞೂಂ... ಶಿವಾ" ಎಂದು ಕೆಮ್ಮಿ ಎಡಭುಜ ಹಾರಿಸಿದೆ. ಊದಿನಕಡ್ಡಿ ಬೆಳಗಿದೆ. ಆಮೇಲೆ ನನ್ನ ಆಟದ ಮುಖ್ಯ ಭಾಗ, ನೀರು. ಎಲೆ ಮಂಡಿಯಲ್ಲಿ ದಿನ ಬೆಳಗಾದರೆ ಕಟ್ಟುಗಳು ಬಾಡದಂತೆ ನೀರು ಹೊಡೆಯಬೇಕು. ಹಾಗೆ ಪಳಗಿದ ಕೈ ಅದು. ಬೇರೆಯವರ ಹಾಗೆ ಬೆರಳ ತುದಿ ಅದ್ದುವುದಿಲ್ಲ, ಮಣಿಕಟ್ಟಿನವರೆಗೆ ಮುಳುಗಿಸಿ ಬೀಸುತ್ತದೆ. ಫೋಟೊಕ್ಕೆ ಒಂದು ಬೀಸು, ಹೊಸ್ತಿಲಿಗೆ ಒಂದು, ಮಷೀನಿಗೆ ಒಂದು. ಕೊನೆಗೆ ನಾರಿನ ತಟ್ಟೆ ಕಂಡರೆ ಆ ಕೈ ನಿಲ್ಲುತ್ತಲೇ ಇರಲಿಲ್ಲ. ಮೇಲೆ ಹೊಡೆದು, ಪದರ ಎತ್ತಿ, ಕೆಳಗೂ ಹೊಡೆಯುತ್ತಿತ್ತು. ನಾನೂ ಹಾಗೆಯೇ ಎತ್ತಿ ಎತ್ತಿ ಹೊಡೆದೆ. ಹುಲಿಗೆವ್ವ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಎಲ್ಲರೂ ನಕ್ಕರು. ಸರ್ ನಗಲಿಲ್ಲ.

"ಏ, ನಿಲ್ಲಲೇ."

"ಯಾಕ್ರಿ ಸರ್?"

"ಸಾವ್ಕಾರ್ರು ಖರೇನ ಅಲ್ಲೇ ಹಾಕ್ತಾರೇನು ನೀರು? ನಾರಿನ ಮ್ಯಾಲೆ?"

"ಪೂಜಿ ಮಾಡಿದಾಗೆಲ್ಲಾ ಹಾಕ್ತಾರಲ್ರಿ. ನೀವು ನೋಡಿಲ್ಲೇನು?"

"ಪೂಜಿ ಟೈಮಿನ್ಯಾಗ ಯಾವನಲೇ ಕಣ್ಣು ತೆರಕೊಂಡು ನಿಂದ್ರತಾನ?"

ಯಾರೂ ನಿಲ್ಲುತ್ತಿರಲಿಲ್ಲ. ಸಾಹುಕಾರರು ಊದಿನಕಡ್ಡಿ ಹಚ್ಚಿದರೆ ಇಡೀ ಶೆಡ್ಡು ಕಣ್ಣು ಮುಚ್ಚಿ ಕೈ ಜೋಡಿಸುತ್ತಿತ್ತು. ಮಿಮಿಕ್ರಿಗೆ ಸರಕು ಬೇಕಲ್ಲ ಎಂದು ತೆರೆದುಕೊಂಡು ನಿಲ್ಲುತ್ತಿದ್ದವನು ನಾನೊಬ್ಬನೇ. ಆ ಮಣಿಕಟ್ಟು ತಿರುಗುವ ಚಂದವನ್ನು ನೋಡಿದ್ದೆ, ನೀರು ಎಲ್ಲಿ ಬೀಳುತ್ತಿದೆ ಎಂದು ಯೋಚಿಸಿರಲಿಲ್ಲ. ನೋಡುವುದು ನನ್ನ ಕೆಲಸ, ಅರ್ಥ ಮಾಡಿಕೊಳ್ಳುವುದು ಬೇರೆ ಇಲಾಖೆಯದು.

ಆಗಲೇ ಎಲ್ಲರ ಕಣ್ಣುಗಳೂ ನನ್ನ ಬೆನ್ನ ಹಿಂದಕ್ಕೆ ಹೋದವು. ತಿರುಗಿದೆ. ಬಾಗಿಲಲ್ಲಿ ಸಾಹುಕಾರರು, ಕೈಯಲ್ಲಿ ಹಂಪಿಯ ನೀರಿನ ಬಿಂದಿಗೆ.

"ಭುಜ ಇಳಸು" ಎಂದರು.

ಇಳಿಸಿದೆ.

"ನಾನು ಹಂಗ ಭುಜ ಹಾರಸ್ತೀನೇನು?"

"ಇಲ್ರಿ. ಅದು ನಾನು ಸೇರಿಸಿದ್ದು."

"ಕೆಮ್ಮು?"

"ಅದೂ ನಂದ್ರಿ."

"ನೀರು?"

"ನೀರು ನಿಮ್ಮದ್ರಿ" ಎಂದೆ.

ಸಾಹುಕಾರರು ತಟ್ಟೆಯ ಹತ್ತಿರ ಬಂದು ನಾರು ಮುಟ್ಟಿದರು. ಬೆರಳು ಬೆರಳಿಗೆ ಉಜ್ಜಿ ನೋಡಿದರು. ತಿಪ್ಪೇಸ್ವಾಮಿ ಸರ್ ಜೀವನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದರು. "ನೀರು ಬ್ಯಾಡ್ರಿ ಸಾವ್ಕಾರ್ರ. ಇವತ್ತೊಂದಿನ."

"ಒಣ ಕೈಲೆ ನಾನು ಯಾವತ್ತೂ ಅಂಗಡಿ ತಗದಿಲ್ಲ" ಎಂದರು ಸಾಹುಕಾರರು. "ನಮ್ಮಪ್ಪ ತೀರಿದ ಮರುದಿನಾನೂ ಎಲಿಗೆ ನೀರು ಹೊಡದೀನಿ." ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ನಾ ನಿಂತ್ರ ಈ ಕೈ ಕೇಳಂಗಿಲ್ಲ. ಲೇ ಎರ್ರಿಸ್ವಾಮಿ, ನೀ ಮಾಡು. ಚೊಂಬು ಖಾಲಿ ಮಾಡ್ಕೊಂಡು ನನ್ನಂಗ ಮಾಡು."

ನಾನು ಒದ್ದೆ ಮಾಡಿದ್ದ ನಾರು ಮತ್ತೆ ಓವನ್ನಿಗೆ ಹೋಯಿತು. ಅದು ಒಣಗುವವರೆಗೆ ಸಾಹುಕಾರರು ಬಿಂದಿಗೆ ಹಿಡಿದು ಗೇಟಿನ ಹತ್ತಿರ, ನಮಗೆ ಬೆನ್ನು ಹಾಕಿ ನಿಂತಿದ್ದರು. ಆ ನೀರನ್ನು ಕೊನೆಗೆ ಗೇಟಿನ ಬೇವಿನ ಗಿಡಕ್ಕೆ ಹಾಕಿದರು. ನಾನು ಖಾಲಿ ಚೊಂಬು ಹಿಡಿದು ಒಳಬಂದೆ. ಚಪ್ಪಲಿ, ಕೆಮ್ಮು, ಶಿವಾ, ಊದಿನಕಡ್ಡಿ. ನಗು ಬರಬೇಕಿತ್ತು. ನೋಡಿದರೆ ಎಲ್ಲರೂ ಕಣ್ಣು ಮುಚ್ಚಿ ಕೈ ಜೋಡಿಸಿ ನಿಂತಿದ್ದಾರೆ, ನನ್ನ ಮುಂದೆ! ಹುಲಿಗೆವ್ವನೂ. ಒಣ ಕೈಯನ್ನು ನಾರಿನ ಮೇಲೆ ಬೀಸಿದೆ.

ಮಾಲು ಅಂಬಲಿಯಾಗಲಿಲ್ಲ, ಗುಳ್ಳೆ ಏಳಲಿಲ್ಲ. ಸಂಡೂರಿನಲ್ಲಿ ತೋಟದ ಸಾಹೇಬರು ಅದುಮಿದರು. ಎರಡೂ ಕೈ ಸೇರಿಸಿ ಅದುಮಿದರು. ಮುಖ ಅದಿರಿನ ಬಣ್ಣಕ್ಕೆ ತಿರುಗಿತು. ಡ್ರೈವರಿಗೆ ಕೊಟ್ಟರು, ಅವನೂ ಸೋತ.

"ಅಲ್ರಿ, ಇದು ಒಡಿಯಂಗೇ ಇಲ್ಲಲ್ಲ" ಎಂದರು ಸಾಹೇಬರು. "ಮಣ್ಣಾಗ ಕರಗೋದು ಯಾವಾಗ?"

ನೋಡಿ, ಈ ಕೆಲಸದಲ್ಲಿ ನಿಮಗೆ ಸಿಗುವ ಅತಿ ದೊಡ್ಡ ಹೊಗಳಿಕೆ ಇದು. ಪ್ರಶ್ನೆ ನ್ಯಾಯವಾದದ್ದೇ. ಆ ಪ್ಲಾಸ್ಟಿಕ್ಕು ಬರೀ ಮಣ್ಣಿನಲ್ಲಿ ಬಹಳ ಸಾವಕಾಶವಾಗಿ ಕರಗುತ್ತದೆ, ಮಾರುವವರು ಹೇಳುವಷ್ಟು ಚುರುಕಲ್ಲ. ಬೇರು ಹೊರಬರಲಿ ಎಂದು ಕುಂಡಕ್ಕೆ ಸುತ್ತಲೂ ಸೀಳು ಬಿಟ್ಟೆವು. ನೀವು ಇನ್ನೂ ಒಳ್ಳೆಯ ಉಪಾಯ ಕಂಡುಹಿಡಿಯಿರಿ, ಅದಕ್ಕೇ ನಿಮ್ಮನ್ನು ಓದಿಸಿದ್ದು.

ತಿಪ್ಪೇಸ್ವಾಮಿ ಸರ್ ಚೀಲದಿಂದ ಡಬ್ಬಿ ತೆಗೆದು ಊಟ ಮಾಡಿದರು, ಅಂಗಿಯನ್ನು ಮತ್ತೆ ಮೊಳೆಗೆ ನೇತುಹಾಕಿದರು. ಮೆಟ್ರಿಯ ಮಷೀನು ನಿಲ್ಲಲಿಲ್ಲ. ಸಾಹುಕಾರರು ತಮ್ಮದು ತಪ್ಪು ಎಂದು ಯಾವತ್ತೂ ಹೇಳಲಿಲ್ಲ. ಬಂದವರಿಗೆಲ್ಲ "ಪೂಜೆಯ ಪದ್ಧತಿ ಸ್ವಲ್ಪ ಸುಧಾರಿಸಿದ್ವಿ" ಎನ್ನುತ್ತಿದ್ದರು. ಆಮೇಲೆ ಸಣ್ಣ ಓವನ್ನಿನ ಬದಲು ದೊಡ್ಡ ಓವನ್ ಬಂತು, ಕುಡಗೋಲಿನ ಬದಲು ಕತ್ತರಿಸುವ ಮಷೀನು ಬಂತು, ನನ್ನ ಎದೆ ಕೆಟ್ಟ ಮೇಲೆ ಧೂಳು ಎಳೆಯುವ ಫ್ಯಾನೂ ಬಂತು. ಬದಲಾಗದೆ ಉಳಿದದ್ದು ಒಂದೇ. ಪ್ರತಿ ಬೆಳಿಗ್ಗೆ ಸಾಹುಕಾರರು ಗೇಟಿನಲ್ಲಿ ನಿಲ್ಲುತ್ತಿದ್ದರು, ಒಳಗೆ ನಾನು ಸಾಹುಕಾರನಾಗುತ್ತಿದ್ದೆ. ಹೊಸಬನೊಬ್ಬ ಬಂದು ಗೇಟಿನಲ್ಲಿದ್ದ ಸಾಹುಕಾರರ ಕೈಗೆ ಸೈಕಲ್ ಕೊಟ್ಟು, ನನ್ನ ಕಾಲಿಗೆ ಬಿದ್ದದ್ದೂ ಉಂಟು.

ನನ್ನ ಕೊನೆಯ ದಿನ ಶಾಲಿರಲಿಲ್ಲ, ಹಣ್ಣಿನ ಬುಟ್ಟಿಯೂ ಇರಲಿಲ್ಲ. ಖಾಲಿ ಚೊಂಬು ತೆಗೆದುಕೊಳ್ಳಲು ಕೈ ಚಾಚಿದರೆ ಅದು ಆಗಲೇ ಸಾಹುಕಾರರ ಕೈಯಲ್ಲಿತ್ತು.

"ಇನ್ನ ಯಾರು ಮಾಡ್ತಾರ? ನಾನ ಮಾಡ್ಬೇಕಲ್ಲ" ಎಂದರು.

ಚಪ್ಪಲಿಗಳನ್ನು ಜೋಡಿಸಿ ಬಿಟ್ಟರು. ಎಲ್ಲರೂ ಕಣ್ಣು ಮುಚ್ಚಿದರು, ತಿಪ್ಪೇಸ್ವಾಮಿ ಸರ್ ಸಹ. ನಾನು ಮಾಸ್ಕನ್ನು ಮೂಗಿನ ಮೇಲೆ ಏರಿಸಿಕೊಂಡು ಎಂದಿನಂತೆ ಕಣ್ಣು ತೆರೆದು ನಿಂತೆ. ಸಾಹುಕಾರರು "ಹ್ಞೂಂ... ಶಿವಾ" ಎಂದು ಕೆಮ್ಮಿದರು. ಎಡಭುಜ ಹಾರಿತು. ಮಣಿಕಟ್ಟಿನವರೆಗೆ ಕೈಯನ್ನು ಖಾಲಿ ಚೊಂಬಿನಲ್ಲಿ ಮುಳುಗಿಸಿ ತೆಗೆದು, ನಾರಿನ ಮೇಲೆ, ಆಮೇಲೆ ಪದರ ಎತ್ತಿ ಕೆಳಗೂ, ಬೀಸಿ ಬೀಸಿ ಹೊಡೆದರು. ಒಂದು ಹನಿಯೂ ಬೀಳಲಿಲ್ಲ.